ರೇಣುಕಯ್ಯ ಮೇಷ್ಟ್ರು ತಂದಿಟ್ಟ ಬೆಟ್ಟ

ಮಧುಗಿರಿಯ ಬೆಟ್ಟವನ್ನು ಈಗಿರುವ ಜಾಗಕ್ಕೆ ತಂದಿಟ್ಟವರು ರೇಣುಕಯ್ಯ ಮೇಷ್ಟ್ರು. ಮ್ಯೂಜಿಯಮ್ಮಿನ ಒಳಗೆ ಇಡಬೇಕೆಂದೇ ತಂದದ್ದು. ಬಾಗಿಲು ಕಿರಿದಾಯಿತು, ಹೊರಗೇ ಬಿಟ್ಟರು. ಹಾಗಂತ ಅವರೇ ಹೇಳುತ್ತಿದ್ದರು, ಅದೂ ತುಟಿ ಬಿರಿಯದೆ.

ಮ್ಯೂಜಿಯಮ್ಮೆಂದರೆ ಕಚೇರಿಯ ಹಿಂದಿನ ಹಳೆಯ ಕುದುರೆ ಲಾಯ. ಮಹಾರಾಜರ ಸರ್ಕಾರ ಮೇಷ್ಟ್ರಿಗೆ ಪಾಠದ ಕೆಲಸದ ಜೊತೆಗೆ ಅದನ್ನು ನೋಡಿಕೊಳ್ಳುವ ಕ್ಯುರೇಟರ್ ಎಂಬ ಹೆಸರನ್ನೂ ಕೊಟ್ಟಿತ್ತು. ಹೆಸರು ಸಿಕ್ಕ ದಿನ ಅವರ ಎದೆ ಎಷ್ಟು ಉಬ್ಬಿತೆಂದರೆ, ಕೋಟಿನ ಗುಂಡಿಗಳು ಹಾರಿ ಕೊರಟಗೆರೆ ಸಂತೆಯಲ್ಲಿ ಬಿದ್ದವು. ಶಿರಾ ಕೋಟೆಯಿಂದ ತಂದ ಫಿರಂಗಿ ಗುಂಡಿನ ಮುಂದೆ ಅವರು ಬರೆದಿಟ್ಟದ್ದು ಇಷ್ಟು: ‘ಶಿರಾದಲ್ಲಿ ಹಾರಿ, ಬರಗೂರಿನಲ್ಲಿ ಕೊಂಚ ದಣಿವಾರಿಸಿಕೊಂಡು, ಪಾವಗಡದ ಕೋಟೆಗೆ ಬಡಿದ ಗುಂಡು.’

ಇಷ್ಟಿದ್ದೂ ನೋಡಲು ಬರುತ್ತಿದ್ದವು ಪಾರಿವಾಳಗಳು ಮಾತ್ರ. ಬೆಂಗಳೂರಿನ ಮೇಲಧಿಕಾರಿ ಖಡಾಖಂಡಿತವಾಗಿ ತಿಳಿಸಿದರು: ಜನ ಬಾರದಿದ್ದರೆ ಲಾಯಕ್ಕೆ ಬೀಗ, ಸಾಮಾನೆಲ್ಲ ಬೆಂಗಳೂರಿಗೆ.

ಆಗಲೇ ಕಳ್ಳಂಬೆಳ್ಳದ ಕೆರೆ ಏರಿ ರಿಪೇರಿಗೆ ಬಂತು. ಏರಿಯ ಮೇಲೊಂದು ವೀರಗಲ್ಲು. ದನ ಹೊಡೆದುಕೊಂಡು ಹೋಗಲು ಬಂದವರೊಡನೆ ಕಾದಾಡಿ ಸತ್ತವನ ಕಲ್ಲು ಅದು. ಅವನ ಮನೆತನದವರು ಅದನ್ನು ಅಜ್ಜಯ್ಯ ಎನ್ನುತ್ತಿದ್ದರು. ಅಮಾವಾಸ್ಯೆಗೆ ಎಣ್ಣೆ ಹಚ್ಚಿ ಎಡೆ ಇಡುತ್ತಿದ್ದರು. ಕಲ್ಲನ್ನು ಲಾಯದಲ್ಲಿಡಲು ಆ ಮನೆಯ ಹಿರಿಯಳು ಜಗದಾಂಬಜ್ಜಿಯನ್ನು ಮೇಷ್ಟ್ರು ಹೇಗೋ ಒಪ್ಪಿಸಿದರು.

“ಏರಿ ಕೆಲ್ಸ ಮುಗಿಯೋಗಂಟ ಮಡಿಕಳಪ್ಪ. ಆಮೇಲೆ ತಂದ್ಬುಡಬೇಕು,” ಎಂದಳು ಅಜ್ಜಿ.

ಶಿರಾದ ಹುಸೇನ್ ಸಾಬ್ ತನ್ನ ಗಾಡಿಯಲ್ಲಿ ಕಲ್ಲನ್ನು ಹೇರಿಕೊಂಡು ಬಂದ. ಆನೆಗಳು ಕೈಬಿಟ್ಟ ಕಲ್ಲನ್ನು ತಾವು ಕಿರುಬೆರಳಲ್ಲಿ ಎತ್ತಿದ್ದಾಗಿ ಮೇಷ್ಟ್ರು ಊರಿಗೆಲ್ಲ ಹೇಳುವಾಗ ಅವನು ಸುಮ್ಮನೆ ಕೆಮ್ಮುತ್ತಿದ್ದ.

ಮುಂದಿನ ಅಮಾವಾಸ್ಯೆಗೆ ಮೊದಲ ಗಾಡಿ ಲಾಯದ ಮುಂದೆ ನಿಂತಾಗ ಕೊನೆಯದಕ್ಕೆ ಇನ್ನೂ ಕಳ್ಳಂಬೆಳ್ಳದಲ್ಲಿ ಎತ್ತು ಕಟ್ಟುತ್ತಿದ್ದರು. ಜನ ಚಪ್ಪಲಿ ಹೊರಗೆ ಬಿಟ್ಟು ಬಂದು, ಅಜ್ಜಯ್ಯನಿಗೆ ಎಣ್ಣೆ ಹಚ್ಚಿ, ಎಡೆ ಇಟ್ಟು, ಅಲ್ಲೇ ಕೂತು ಉಂಡರು. ಫಿರಂಗಿ ಗುಂಡನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಒಬ್ಬಾಕೆ ಮಾತ್ರ ಅದರ ಮೇಲೆ ಮಗುವನ್ನು ಕೂರಿಸಿದಳು. ಆದರೂ ಜನ ಜನವೇ ತಾನೆ? ಪ್ರಜೆಗಳು ಚರಿತ್ರೆಯ ದಾಹದಿಂದ ಬಾಗಿಲು ಮುರಿಯುತ್ತಿದ್ದಾರೆಂದು ಮೇಷ್ಟ್ರು ಬೆಂಗಳೂರಿಗೆ ಬರೆದರು.

ಏರಿ ಕೆಲಸ ಮುಗಿಯಿತು. ಅಜ್ಜಿ ಕಲ್ಲು ಕೇಳಿದಳು.

“ಬೆಂಗಳೂರಿನ ಸಾಹೇಬರು ಬಿಡಕೂಡದು ಅಂದಿದಾರೆ ಕಣಮ್ಮ. ನಾನೇನು ಮಾಡ್ಲಿ?”

ಆ ಸಾಹೇಬರಿಗೆ ಕಲ್ಲಿನ ಸುದ್ದಿಯೇ ಗೊತ್ತಿರಲಿಲ್ಲ. ಅಜ್ಜಿ ಹೋದ ಮೇಲೆ ಹುಸೇನ್ ಸಾಬ್, “ಅರೆ ಮೇಷ್ಟ್ರೇ, ಕಲ್ಲಾದ್ರೆ ಹೇರ್ತೀನಿ. ನಿಮ್ಮ ಸುಳ್ಳಿನ ಭಾರ ನನ್ನ ಗಾಡಿ ತಡ್ಯಲ್ಲ,” ಎಂದ.

ಕೊನೆಗೆ ಆ ಸಾಹೇಬರೇ ನೋಡಲು ಬರುವುದೆಂದಾಯಿತು. ದಿನ ಗೊತ್ತುಮಾಡುವ ಭಾರ ಮೇಷ್ಟ್ರದು. ಗುಂಪು ಕಾಣಲಿ ಎಂದು ಅಮಾವಾಸ್ಯೆಯನ್ನೇ ಆರಿಸಿದರು.

ಸಾಹೇಬರು ಬಂದರು. ಬೆಟ್ಟದ ಕಥೆ ಕೇಳಿ ಮುಗುಳ್ನಕ್ಕು ಒಳಗೆ ಹೋದರು. ವೀರಗಲ್ಲಿನ ಮೇಲೆ ಕೈಯಿಟ್ಟರು.

“ಇದೇನ್ರೀ, ಇಷ್ಟು ಜಿಡ್ಡು?”

“ಕಲ್ಲು ಕಾಪಾಡೋ ಕ್ರಮ ಸ್ವಾಮಿ. ಎಣ್ಣೆ ಕುಡಿದ ಕಲ್ಲು ಬಿರುಕು ಬಿಡೋದಿಲ್ಲ. ಜರ್ಮನಿಯವರು ಇದನ್ನ ನಮ್ಮಿಂದಲೇ ಕಲಿತದ್ದು.”

“ಹೌದೇ? ಹಾಗಾದ್ರೆ ಬೆಂಗಳೂರಿನ ಕಲ್ಲುಗಳಿಗೂ ಹಚ್ಚಿಸೋಣ. ನೀವೇ ಬಂದು ತೋರಿಸಿಕೊಡಿ.”

ಅಷ್ಟರಲ್ಲಿ ಗಾಡಿಗಳು ಬಂದವು. ಎಣ್ಣೆ ಗಿಂಡಿ ಹಿಡಿದು ಒಳಗೆ ಬಂದ ಅಜ್ಜಿಯ ಕಣ್ಣು ಸೀದಾ ಸಾಹೇಬರ ಕಾಲಿನ ಮೇಲೆ ಬಿತ್ತು.

“ಬೂಟು ಬುಟ್ಟು ಬಾರಪ್ಪ. ಅಜ್ಜಯ್ಯ ಅವ್ರೆ.”

ಬೆಂಗಳೂರಿನ ಸಾಹೇಬರು ಇವರೇ ಎಂದು, ಗಾಡಿ ಹೊಡೆದುಕೊಂಡು ಬಂದಿದ್ದ ಹುಸೇನ್ ಸಾಬ್ ಅವಳಿಗೆ ಪಿಸುಗುಟ್ಟಿದ. ಅಜ್ಜಿ ಗಿಂಡಿ ಕೆಳಗಿಟ್ಟಳು.

“ನೀನೇನಪ್ಪ ನಮ್ಮಜ್ಜಯ್ಯನ್ನ ಬುಡಾಕಿಲ್ಲ ಅಂದೋನು? ಏರಿ ಆಗೋಗದೆ, ಅವರ ಜಾಗ ಬಣಗುಡ್ತಾ ಅದೆ. ಅಲ್ಲಿಂದ ಹಿಂದಿನ ದಿನವೇ ಗಾಡಿ ಕಟ್ಕಂಡು ಬರಬೇಕು. ಅದೆಂಥಾ ಹಟ ನಿಂದು? ಮೇಷ್ಟ್ರನ್ನ ನೋಡು, ಮಳೆ ಬಿಸಿಲು ತಾಕದಂಗೆ ನೋಡ್ಕಂಡವ್ರೆ. ಪಾಪ, ನಿನ್ನ ಮಾತಿಗೆ ಹೆದರ್ಕಂಡವ್ರೆ.”

“ನಾನೇ? ಯಾವ ಅಜ್ಜಯ್ಯ?” ಸಾಹೇಬರು ತಮ್ಮ ಎಣ್ಣೆಗೈಯನ್ನು ನೋಡಿಕೊಂಡರು, ಆಮೇಲೆ ಮೇಷ್ಟ್ರನ್ನು ನೋಡಿದರು.

ಮಹಾರಾಜರ ಅಪ್ಪಣೆ ಎಂಬೊಂದು ಮಾತು ಮೇಷ್ಟ್ರ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಷ್ಟರಲ್ಲಿ ಅಜ್ಜಿ ಅಜ್ಜಯ್ಯನಿಗೆ ಎಡೆ ಇಟ್ಟು, ಮೇಷ್ಟ್ರಿಗೂ ಒಂದು ಎಲೆ ಹಾಸಿ, ಎಡೆಯ ಮೊದಲ ಪಾಲನ್ನು ಅವರಿಗೇ ಬಡಿಸುತ್ತಿದ್ದಳು. ಮೇಷ್ಟ್ರು ಆ ಮಾತನ್ನು ನುಂಗಿಕೊಂಡರು.

“ಅವರೇನೂ ಅಂದಿಲ್ಲಮ್ಮ. ಸುಳ್ಳು ಹೇಳಿದ್ದು ನಾನು,” ಎಂದರು. “ಸ್ವಾಮಿ, ಇವರು ಚರಿತ್ರೆ ನೋಡೋಕೆ ಬಂದೋರಲ್ಲ, ಮನೆ ಹಿರಿಯರನ್ನ ನೋಡೋಕೆ ಬಂದೋರು. ಎಣ್ಣೆ ಇವರದೇ. ಈ ಕಲ್ಲು ಹೋದ್ರೆ ಇಲ್ಲಿಗೆ ನರಪಿಳ್ಳೆಯೂ ಬರೋದಿಲ್ಲ. ಹೋಗ್ಲಿ ಬಿಡಿ. ಅವರದು ಅವರಿಗೆ.”

“ಥೂ ನಿನ್ನ! ಓದ್ಸೋ ಮೇಷ್ಟ್ರು!” ಎಂದಳು ಅಜ್ಜಿ. ಬಡಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಸಾಹೇಬರೂ ಬೂಟು ಬಿಟ್ಟು ಬಂದು ಕೂತು, ಉಂಡು ಕೈತೊಳೆದರು. ಕಲ್ಲು ಕಳ್ಳಂಬೆಳ್ಳಕ್ಕೆ, ಮಿಕ್ಕದ್ದೆಲ್ಲ ಬೆಂಗಳೂರಿಗೆ, ಬೀಗದ ಕೈ ಕಚೇರಿಗೆ ಎಂದು ಅಪ್ಪಣೆಯಾಯಿತು. ಹುಸೇನ್ ಸಾಬ್ ಗಾಡಿಯನ್ನು ಬಾಗಿಲಿಗೆ ಹಿಮ್ಮೆಟ್ಟಿಸಿದ. ಬಂದ ಗಂಡಸರೆಲ್ಲ ಕಲ್ಲಿಗೆ ಕೈ ಕೊಟ್ಟರು. ಮೇಷ್ಟ್ರೂ ಕೊಟ್ಟರು, ಎರಡೂ ಕೈ, ಏದುಸಿರು ಬಿಡುತ್ತಾ.

ಹೊರಗೆ ಬೂಟು ಹಾಕಿಕೊಳ್ಳುತ್ತಿದ್ದ ಸಾಹೇಬರು ತಲೆಯೆತ್ತಿದರು.

“ಮತ್ತೆ ಈ ಬೆಟ್ಟ?”

ರೇಣುಕಯ್ಯ ಮೇಷ್ಟ್ರು ಅಂಗೈಯ ಎಣ್ಣೆ ಒರೆಸಿಕೊಂಡರು.

“ಅದು ಮೊದಲಿಂದಲೂ ಇಲ್ಲೇ ಇದೆ ಸ್ವಾಮಿ.”