ಜವರಯ್ಯನ ಹೆಸರಿಗೆ ಬಂದ ಖರ್ಜೂರ

ಸಂಜೆ ಹಾಲಿನ ಡೈರಿಯ ಬಾಗಿಲು ತೆಗೆಯುವ ಹೊತ್ತಿಗೆ ಊರಿನ ಅರ್ಧ ಜನ ಕ್ಯಾನು, ಚೊಂಬು, ಸ್ಟೀಲು ಪಾತ್ರೆ ಹಿಡಿದು ಸಾಲುಗಟ್ಟಿ ನಿಂತಿರುತ್ತಿದ್ದರು. ಮೇಜಿನ ಹಿಂದೆ ಕಾರ್ಯದರ್ಶಿ ಜವರಯ್ಯ. ನೀರು ಬೆರೆತಿದೆಯೇ ಎಂದು ನೋಡಲು ಹಾಲಿಗೆ ಡಿಗ್ರಿ ಕಡ್ಡಿ ಇಳಿಬಿಟ್ಟು ಕಣ್ಣು ಕಿರಿದು ಮಾಡಿದನೆಂದರೆ ಎದುರು ನಿಂತವರ ಎದೆ ಡವಗುಟ್ಟುತ್ತಿತ್ತು.

"ಮಂಚಯ್ಯ, ನಿನ್ನೆಮ್ಮೆ ಬೆಳಿಗ್ಗೆಯಿಂದ ಕೆರೇಲೇ ಬಿದ್ದಿತ್ತಾ?"

"ಯಾಕಣ್ಣ?"

"ಹಾಲ್ನಲ್ಲಿ ಕೆರೆ ಕಾಣ್ತಾ ಅದೆ. ತಗಂಡೋಗು."

ಸಾಲಿನಲ್ಲಿ ನಗು ಎದ್ದಿತು. ಬಾಗಿಲಿಗೆ ಒರಗಿ ನಿಂತಿದ್ದ ಜವರಯ್ಯನ ಮಗ ಕುಮಾರ ಅಷ್ಟಕ್ಕೆ ಬಿಡುವವನಲ್ಲ. ಎದೆಯ ಮೇಲೆ ಕೈಕಟ್ಟಿ, ಗಂಟಲು ದಪ್ಪ ಮಾಡಿ, "ಲೇ ಮಂಚ! ಈ ಕೋರ್ಟ್ನಲ್ಲಿ ಸಾಕ್ಷಿ ಬೇಡ ಕಣೋ! ಇಲ್ಲಿ ಹಾಲೇ ಮಾತಾಡುತ್ತೆ!" ಎಂದ. ಮಂಚಯ್ಯ ಹಲ್ಲು ಕಡಿದುಕೊಂಡು ಪಾತ್ರೆ ಎತ್ತಿಕೊಂಡು ಹೋದ.

ಕುಮಾರ ಪಾಂಡವಪುರದ ಬಸ್ ಸ್ಟಾಂಡಿನ ಪಕ್ಕ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹಗಲೆಲ್ಲ ಸಿನಿಮಾದ ಸದ್ದು ಕೇಳಿ ಕೇಳಿ ಅವನ ಬಾಯಲ್ಲಿ ಮಾತಿಗಿಂತ ಡೈಲಾಗೇ ಹೆಚ್ಚಾಗಿತ್ತು. ಸತ್ತವರ ಮನೆಯ ಮುಂದೆಯೂ ಒಂದು ಡೈಲಾಗು ಹೊಡೆದೇ ಬರುವವನು ಎಂದು ಊರವರು ಅವನನ್ನು ಆಡಿಕೊಳ್ಳುತ್ತಿದ್ದರು. ಅವನ ಮಾತಿಗೆ ಎಲ್ಲರೂ ನಗುತ್ತಿದ್ದರು. ಅದನ್ನು ನಂಬಬೇಕಾದ ಸಂದರ್ಭ ಯಾರಿಗೂ ಬಂದಿರಲಿಲ್ಲ.

ಅಕ್ಕ ರಂಜಿತಳ ಮದುವೆ ನಾಗಮಂಗಲದ ಕಡೆ ಗೊತ್ತಾಗಿತ್ತು. ಮದುವೆ ಭಾನುವಾರ. ಸೋಮವಾರ ಮಾಂಸ ಮುಟ್ಟುವಂತಿಲ್ಲ, ಮಂಗಳವಾರ ಹೆಣ್ಣು ಗಂಡು ತೌರಿಗೆ ಬರುವ ದಿನ, ಆದ್ದರಿಂದ ಬೀಗರೂಟ ಬುಧವಾರ. ಅದನ್ನು ಮಾತಾಡಲೆಂದೇ ಗಂಡಿನ ತಂದೆ ಶಿವಲಿಂಗಯ್ಯ ಬಂದಿದ್ದರು. ಕೆಟ್ಟ ಮನುಷ್ಯರಲ್ಲ. ವರದಕ್ಷಿಣೆ ಬೇಡ ಎಂದು ತಾವಾಗಿಯೇ ಹೇಳಿದ್ದವರು. ಕಾಫಿ ಕುಡಿದು ಲೋಟ ಕೆಳಗಿಟ್ಟು ನಿಧಾನಕ್ಕೆ ವಿಷಯಕ್ಕೆ ಬಂದರು.

"ಬೀಗ್ರೇ, ಮರಿ ಎಷ್ಟು ಕುಯ್ತೀರಿ ಅಂತ ನಾನ್ ಕೇಳಕಿಲ್ಲ. ಆದ್ರೆ ನಮ್ಮಣ್ಣನ ಮಗನ ಬೀಗರೂಟದಲ್ಲಿ ಫಾರಿನ್ ಬಾಟ್ಲಿ ಇಟ್ಟಿದ್ರು. ಈಗ ನಮ್ ಕಡೆ ಜನ ಅದ್ನೇ ಎದುರು ನೋಡ್ತಾವ್ರೆ."

"ನಮ್ಮನೇಲಿ ಆ ಅಬ್ಯಾಸ ಇಲ್ಲ ಬೀಗ್ರೇ," ಎಂದ ಜವರಯ್ಯ. "ಕುಡಿಯೋರು ಕುಡ್ದೇ ಬರ್ಲಿ, ನಾನ್ ತಡಿಯಕಿಲ್ಲ. ನನ್ ಕೈಯಾರ ನಾನ್ ಇಕ್ಕಕಿಲ್ಲ."

"ನಾನೇನು ಬಂಗಾರ ಕೇಳಿದ್ನಾ, ಸ್ಕೂಟ್ರು ಕೇಳಿದ್ನಾ? ಒಂದಿನದ ಮರ್ವಾದಿ. ನಾಳೆ ನಮ್ಮೋರು 'ಏನಯ್ಯ, ಹಾಲ್ನೋರ ಮನೇಲಿ ಮಜ್ಜಿಗೆ ಕುಡ್ಸಿ ಕಳುಸುದ್ರಾ' ಅಂದ್ರೆ ನಾನ್ ಮಖ ಎಲ್ಲಿ ಇಟ್ಕಳ್ಲಿ?"

ಅಡಿಗೆ ಮನೆಯ ಬಾಗಿಲ ಸಂದಿಯಲ್ಲಿ ರಂಜಿತ ತಲೆ ತಗ್ಗಿಸಿ ನಿಂತಿದ್ದುದು ಕುಮಾರನಿಗೆ ಕಂಡಿತು. ಶಿವಲಿಂಗಯ್ಯನವರನ್ನು ಬಸ್ಸಿಗೆ ಬಿಡಲು ಹೋದವನು ದಾರಿಯಲ್ಲೇ ಮಾತು ಕೊಟ್ಟುಬಿಟ್ಟ.

"ಮಾವ, ನಮ್ಮಪ್ಪನ್ ಮಾತು ಬುಡಿ. ಈ ಕುಮಾರ ಒಂದ್ಸಲ ಕೈ ಎತ್ತುದ್ರೆ ಮಸ್ಕತ್ತಿನ ವಿಮಾನ ನಮ್ ಗದ್ದೆ ಬಯಲ್ಗೇ ಇಳೀಬೇಕು!"

ಮಸ್ಕತ್ತಿನಲ್ಲಿ ಅವನ ಜೊತೆ ಓದಿದ ಶಂಕರ್ ಇದ್ದ, ಒಂದು ಹೋಟೆಲಿನ ಉಗ್ರಾಣದ ಕೆಲಸ. ಕುಮಾರ ಎಸ್‌ಟಿಡಿ ಬೂತಿನ ಗಾಜಿನ ಡಬ್ಬಿಯೊಳಗೆ ಬೆವರುತ್ತಾ ನಿಂತು ಆರು ಬಾಟಲಿ ಕೇಳಿದ.

"ಲೇ, ನಾನ್ ಊರಿಗ್ ಬರೋವಾಗ ಒಂದು ತಂದ್ರೆ ಬುಡ್ತಾರೆ," ಎಂದ ಶಂಕರ್. "ಕಾರ್ಗೋದಲ್ಲಿ ಆರು ಕಳ್ಸುದ್ರೆ ಸುಂಕದೋರು ಹಿಡೀತಾರೆ ಕಣ್ಲಾ."

"ಖರ್ಜೂರ ಅಂತ ಬರಿ."

"ಅಲ್ಲಾಡ್ಸುದ್ರೆ ಗಳಗಳ ಅನ್ನೋ ಖರ್ಜೂರ ಯಾವ್ದುಲಾ?"

"ರಸಬರಿತ ಖರ್ಜೂರ ಅನ್ನು! ನೀನ್ ಕಳ್ಸೋ, ಮಿಕ್ಕಿದ್ದು ಹೀರೋ ನೋಡ್ಕತಾನೆ."

ಶಂಕರ್ ನಕ್ಕ. ನಕ್ಕ ಮೇಲೆ ಇಲ್ಲ ಎನ್ನಲು ಅವನಿಗೂ ಆಗಲಿಲ್ಲ. ಆದರೆ ಪಾರ್ಸೆಲ್ ಬಿಡಿಸಿಕೊಳ್ಳುವವರ ರೇಷನ್ ಕಾರ್ಡಿನ ಜೆರಾಕ್ಸು ಬೇಕು, ಒಪ್ಪಿಗೆ ಕಾಗದಕ್ಕೆ ಸಹಿ ಬೇಕು ಎಂದ. ಕಾರ್ಡಿನಲ್ಲಿ ಯಜಮಾನನೆಂದು ಇದ್ದದ್ದು ಅಪ್ಪನ ಹೆಸರು. ಕುಮಾರ ಶಂಕರ್ ಕಳಿಸಿಕೊಟ್ಟ ಇಂಗ್ಲಿಷಿನ ಕಾಗದವನ್ನು ಅಪ್ಪನ ಮುಂದೆ ಹಿಡಿದ.

"ಶಂಕ್ರ ಅಕ್ಕನ್ ಮದ್ವೆಗೆ ಖರ್ಜೂರ ಕಳುಸ್ತಾವ್ನೆ. ಇಲ್ಲೊಂದು ರುಜು ಹಾಕಪ್ಪ."

"ಅಲ್ಲಿದ್ರೂ ನೆಪ್ಪು ಮಡಿಕಂಡವ್ನೆ, ಪಾಪ," ಎಂದು ಜವರಯ್ಯ ಸಹಿ ಹಾಕಿದ. ಹಾಲಿನ ಒಂದು ಹನಿಯನ್ನೂ ಪರೀಕ್ಷೆ ಮಾಡದೆ ಒಳಗೆ ಬಿಡದ ಮನುಷ್ಯ ಮಗನ ಮಾತಿಗೆ ಯಾವ ಕಡ್ಡಿಯನ್ನೂ ಇಳಿಬಿಡಲಿಲ್ಲ.

ಮದುವೆಗೆ ವಾರವಿರುವಾಗ ಬೆಂಗಳೂರಿನ ಸುಂಕದ ಕಚೇರಿಯಿಂದ ಜವರಯ್ಯನ ಹೆಸರಿಗೆ ರಿಜಿಸ್ಟರ್ ಕಾಗದ ಬಂತು. ಡೈರಿಯ ಸಾಲಿನ ಮುಂದೆಯೇ ಪೋಸ್ಟಿನವನು ಕೊಟ್ಟು ಹೋದ. ರಾತ್ರಿ ಊಟಕ್ಕೆ ಕೂತಾಗ ಜವರಯ್ಯ ಅದನ್ನು ಮಗನ ಮುಂದಿಟ್ಟು, "ಇಂಗ್ಲೀಸ್ನಲ್ಲಿ ಅದೆ, ಓದು," ಎಂದ.

ಕುಮಾರ ಓದಿದ. ಪಾರ್ಸೆಲ್ಲಿನಲ್ಲಿ ಮದ್ಯದ ಬಾಟಲಿ ಸಿಕ್ಕಿವೆ, ಬಂದು ವಿವರಣೆ ಕೊಡಿ ಎಂದಿತ್ತು. ಓದಿದ್ದನ್ನು ಬೇರೆ ಏನೋ ಮಾಡಿ ಹೇಳಬಹುದೇ ಎಂದು ನೋಡಿದ. ಆಗಲಿಲ್ಲ. ಎಲ್ಲವನ್ನೂ ಒದರಿಬಿಟ್ಟ. ತಾಯಿ ಮಾಯಮ್ಮ ಸೌಟು ಹಿಡಿದುಕೊಂಡೇ ಗೋಡೆಗೆ ಒರಗಿದಳು. ಜವರಯ್ಯ ತಟ್ಟೆಯಲ್ಲಿದ್ದ ಮುದ್ದೆಯನ್ನು ಕೊನೆಯ ತುತ್ತಿನವರೆಗೂ ಉಂಡು, ಕೈ ತೊಳೆದು ಬಂದು ಹೇಳಿದ:

"ನಾಳೆ ಹೋಗನ."

ಸುಂಕದ ಅಧಿಕಾರಿ ನಡು ವಯಸ್ಸಿನ ಹೆಂಗಸು, ತಾಳ್ಮೆಯವರು. ರಟ್ಟಿನ ಪೆಟ್ಟಿಗೆ ಮೇಜಿನ ಮೇಲೆ ಬಾಯಿ ಬಿಟ್ಟುಕೊಂಡು ಕೂತಿತ್ತು. ಮೇಲೆ ಒಂದು ಪದರ ಖರ್ಜೂರ, ಕೆಳಗೆ ಬಾಟಲಿಗಳು.

"ನೋಡಿ ಯಜಮಾನರೇ, ಹೊರದೇಶದಿಂದ ಮದ್ಯ ತರಿಸಬೇಕಾದರೆ ಪರವಾನಗಿ ಬೇಕು. ಅದರ ಸುಂಕ ಬಾಟಲಿಯ ಬೆಲೆಗಿಂತ ಹೆಚ್ಚು. ಉಡುಗೊರೆ ಅಂದ ಮಾತ್ರಕ್ಕೆ ಬಿಟ್ಟುಬಿಡೋಕಾಗಲ್ಲ. ನೀವು ಸುಳ್ಳು ಹೆಸರು ಬರೆಸಿದ್ದೀರಿ. ಸರಕು ಮುಟ್ಟುಗೋಲಾಗುತ್ತೆ, ಮೇಲೆ ದಂಡ. ಇದನ್ನ ತರಿಸಿದ್ದು ಯಾರು?"

ಕುಮಾರ ಬಾಯಿ ತೆರೆದ. ಬಸ್ಸಿನಲ್ಲಿ ಬರುವಾಗ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಹೊರಗೆ ಬರಲಿಲ್ಲ.

"ನಾನೇ ತಾಯಿ," ಎಂದ ಜವರಯ್ಯ.

"ಖರ್ಜೂರ ಅಂತ ಬರೆಸಿದ್ದು?"

"ಅದೂ ನಾನೇ."

"ನೀವು ಕುಡೀತೀರಾ?"

ಜವರಯ್ಯ ಮೇಜಿನ ಅಂಚನ್ನು ಹಿಡಿದುಕೊಂಡ. "ಊಂ ತಾಯಿ. ಕುಡೀತೀನಿ."

ಕುಮಾರ ಅಪ್ಪನ ಪಕ್ಕದಲ್ಲೇ ನಿಂತಿದ್ದ, ಮುಟ್ಟುವಷ್ಟು ಹತ್ತಿರ. ಅಲ್ಲ ಎನ್ನಲು ಒಂದೇ ಪದ ಸಾಕಿತ್ತು. ಅಧಿಕಾರಿ ಬರೆದುಕೊಂಡರು, ಜವರಯ್ಯ ಸಹಿ ಹಾಕಿದ. ಮುಂದಿನ ಬುಧವಾರ ಆದೇಶ ಬರೆಯುತ್ತೇನೆ, ಹೇಳುವುದಿದ್ದರೆ ಅಂದು ಮಧ್ಯಾಹ್ನದೊಳಗೆ ಬಂದು ಹೇಳಬಹುದು ಎಂದರು ಆಕೆ.

ಹೊರಗೆ ಬಂದ ಮೇಲೆ ಕುಮಾರ ಕೇಳಿದ, "ಯಾಕಪ್ಪ ಅಂಗಂದೆ?"

"ನಿನ್ ಮೇಲೆ ಕೇಸ್ ಬಿದ್ರೆ ನಿಂಗ್ಯಾರ್ಲಾ ಕೆಲ್ಸ ಕೊಟ್ಟಾರು? ನಂದೇನು, ಮುಗೀತು."

ಅಂದು ಸಂಜೆ ಡೈರಿಗೆ ಜವರಯ್ಯ ಹೋಗಲಿಲ್ಲ. ಸಂಘದ ಅಧ್ಯಕ್ಷ ಚಿಕ್ಕಸ್ವಾಮಿಯ ಮನೆಗೆ ಬೀಗದ ಕೈ ಕಳಿಸಿಕೊಟ್ಟ. ಮಾಯಮ್ಮ ಬೇಡಿಕೊಂಡಳು, ಬೈದಳು.

"ಇಪ್ಪತ್ ವರ್ಸ ನೋಡ್ಕಂಡ್ ಬಂದಿದ್ದ ಕೆಲ್ಸ ಕಣೀ. ನೀವೇನ್ ಕದ್ರಾ?"

"ಸುಳ್ಳಿಗೆ ರುಜು ಹಾಕಿದ್ ಕೈ ಇದು. ಇದ್ರಲ್ಲಿ ಇನ್ನೊಬ್ರ ಹಾಲ್ಗೆ ಕಡ್ಡಿ ಎಂಗೆ ಇಳಿಬುಡ್ಲೇ?"

ಸುದ್ದಿ ಊರು ತುಂಬಿತು. ಮರುದಿನ ಕುಮಾರ ಡೈರಿಯ ಮುಂದೆ ಹಾದು ಹೋಗುವಾಗ ಮಂಚಯ್ಯ ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳುತ್ತಿದ್ದ:

"ನಮ್ ಹಾಲ್ನಲ್ಲಿ ಕೆರೆ ಕಾಣ್ತಿತ್ತಂತೆ! ಅವರ್ ಖರ್ಜೂರದಲ್ಲಿ ಏನ್ ಕಾಣ್ತೋ ಕೇಳ್ರಪ್ಪ!"

ಎಲ್ಲರೂ ನಕ್ಕರು. ಕುಮಾರ ನಿಂತ.

"ಮಂಚಣ್ಣ, ನಮ್ಮಪ್ಪಂದೇನೂ ಇಲ್ಲ. ಅದ್ನ ತರ್ಸಿದ್ದು ನಾನು. ಖರ್ಜೂರ ಅಂತ ಬರ್ಸಿದ್ದು ನಾನು. ಅಪ್ಪನ್ ಕೈಲಿ ಸುಳ್ಳೇಳಿ ರುಜು ಹಾಕ್ಸಿದ್ದೂ ನಾನೇ."

ಮಂಚಯ್ಯ ಚಪ್ಪಾಳೆ ತಟ್ಟಿದ.

"ಸೂಪರ್ ಕಣ್ಲಾ! ಅಪ್ಪನ್ನ ಉಳ್ಸಕ್ಕೆ ಮಗನ ತ್ಯಾಗ! ಯಾವ್ ಸಿನಿಮಾದ್ಲಾ ಇದು?"

ಈ ಸಲದ ನಗು ಇನ್ನೂ ಜೋರಾಗಿತ್ತು. ಕುಮಾರ ಆಣೆ ಮಾಡಿದ, ಅದಕ್ಕೂ ನಕ್ಕರು. ಅವನ ಕಣ್ಣಲ್ಲಿ ನೀರು ಬಂತು. "ಅಳೋದೂ ಕಲ್ತವ್ನೆ ನೋಡ್ಲಾ," ಎಂದಿತು ಒಂದು ದನಿ. ಊರಿನಲ್ಲಿ ತನ್ನ ಮಾತು ಸತ್ತುಹೋಗಿ ಎಷ್ಟೋ ಕಾಲವಾಗಿದೆ ಎಂದು ಅವನಿಗೆ ಆಗ ತಿಳಿಯಿತು. ಅಪ್ಪನ ಸುಳ್ಳು ಬರೆದಿಟ್ಟ ಕಡೆಯೇ ಹೋಗಿ ಹೇಳಬೇಕು. ಅಲ್ಲಿ ತನ್ನನ್ನು ಯಾರೂ ಅರಿಯರು.

ಮದುವೆ ನಡೆಯಿತು. ಜವರಯ್ಯ ಧಾರೆಯೆರೆದ, ಬಂದವರಿಗೆ ಕೈ ಮುಗಿದ, ಯಾರ ಮುಖವನ್ನೂ ನೋಡಲಿಲ್ಲ. ಮಂಗಳವಾರ ಸಂಜೆ ರಂಜಿತ ಗಂಡನ ಜೊತೆ ತೌರಿಗೆ ಬಂದಳು. ಬುಧವಾರ ಬೆಳಕು ಹರಿಯುವ ಮೊದಲೇ ಹಿತ್ತಲಲ್ಲಿ ಒಲೆ ಹೊತ್ತಿದವು. ಕುಮಾರ ಅಂಗಿ ತೊಟ್ಟು ಹೊರಟಿದ್ದನ್ನು ನೋಡಿ ಮಾಯಮ್ಮ ಅಡ್ಡ ಬಂದಳು.

"ಬೀಗ್ರು ಬರೋ ದಿನ ಎಲ್ಲಿಗ್ಲಾ? ಎಣ್ಣಿನ್ ತಮ್ಮನೇ ಇಲ್ಲ ಅಂದ್ರೆ ಅವ್ರು ಏನಂದ್ಕತಾರೆ?"

"ಅವ್ವ, ಇವತ್ ಹೋಗ್ನಿಲ್ಲ ಅಂದ್ರೆ ಅದು ಅಪ್ಪನ್ ಹೆಸರ್ನಲ್ಲೇ ಉಳ್ಕತದೆ."

ರಂಜಿತ ಈರುಳ್ಳಿ ಹೆಚ್ಚುವುದನ್ನು ಬಿಟ್ಟು ಎದ್ದಳು. "ಬುಡವ್ವ, ಹೋಗ್ಲಿ. ಬಾಟ್ಲಿ ಇಲ್ದಿದ್ಕೆ ಮಾತು ಬರಂಗಿದ್ರೆ ನಾನ್ ಕೇಳುಸ್ಕತೀನಿ. ಅಪ್ಪ ಕೇಳುಸ್ಕಂಡಿದ್ ಸಾಕು."

ಪಾಂಡವಪುರ ಸ್ಟೇಷನ್ನು ಊರಾಚೆ ಇದೆ. ಕುಮಾರ ನಡೆದೇ ಹೋಗಿ ಬೆಂಗಳೂರಿನ ರೈಲು ಹತ್ತಿದ. ರೈಲು ಕೂಗಿ ಇನ್ನೇನು ಹೊರಡಬೇಕು, ಬಾಗಿಲಿನ ಕಂಬಿ ಹಿಡಿದು ಜವರಯ್ಯ ಏದುಸಿರು ಬಿಡುತ್ತಾ ಒಳಗೆ ಬಂದ. ಬೀಗರೂಟಕ್ಕೆಂದು ಹೊಲಿಸಿದ್ದ ಬಿಳಿ ಶರ್ಟು ಬೆವರಿನಲ್ಲಿ ತೊಯ್ದಿತ್ತು.

"ಅಪ್ಪ! ಅಲ್ಲಿ ಬೀಗ್ರು?"

"ನಿಮ್ಮವ್ವ ಅವ್ಳೆ. ಶಿವಲಿಂಗಯ್ಯನೋರ್ಗೆ ಪೋನ್ ಮಾಡಿ ಇದ್ದುದ್ನ ಇದ್ದಂಗೇ ಹೇಳ್ದೆ. 'ನಾನ್ ಅಷ್ಟು ಹಟ ಮಾಡ್ಬಾರ್ದಾಗಿತ್ತು' ಅಂದ್ರು. ಬತ್ತಾರೋ ಇಲ್ವೋ ಹೇಳ್ನಿಲ್ಲ."

"ನಾನೇ ಹೇಳ್ತಿದ್ನಲ್ಲಪ್ಪ. ನೀನ್ಯಾಕ್ ಬಂದೆ?"

ಜವರಯ್ಯ ಮಗನ ಎದುರು ಕೂತು, ಅಂಗವಸ್ತ್ರದಿಂದ ಕತ್ತು ಒರೆಸಿಕೊಂಡ.

"ನಿನ್ ತಪ್ಪು ನೀನ್ ಹೇಳ್ಕತೀಯ. ನಾನೂ ಒಂದು ಸುಳ್ಳು ಹೇಳಿವ್ನಲ್ಲ. ಅದ್ನ ನೀನ್ ವಾಪಸ್ ತಗಳಕ್ಕಾಗಕಿಲ್ಲ ಕಣ್ಲಾ."

ರೈಲು ಹೊರಟಿತು. ಪಕ್ಕದಲ್ಲಿ ಕೂತಿದ್ದ ಅವರೆಕಾಯಿ ಮೂಟೆಯ ಮುದುಕಿ ಇಬ್ಬರನ್ನೂ ನೋಡಿ, "ಅಪ್ಪ ಮಗ ಎಲ್ಲಿಗಪ್ಪ, ಮದುವೆ ಮನೆಗಾ?" ಎಂದು ಕೇಳಿದಳು.

"ಇಲ್ಲ ಅಜ್ಜಿ," ಎಂದ ಕುಮಾರ. "ಸುಂಕದ ಆಪೀಸ್ಗೆ. ನಾನೊಂದು ತಪ್ಪು ಮಾಡಿದ್ದೆ."

ಮುದುಕಿ ನಗಲಿಲ್ಲ. "ಊಂ," ಎಂದು ಮೂಟೆಯನ್ನು ಕಾಲ ಬಳಿಗೆ ಎಳೆದುಕೊಂಡು, ಅವನ ಅಪ್ಪನಿಗೆ ಕಾಲು ಚಾಚಲು ಜಾಗ ಮಾಡಿಕೊಟ್ಟಳು.