ಖಲಂದರ್ ಸಾಬರ ಪಾಳಿ ಪುಸ್ತಕ

ಗಂಡನ ತಿಥಿ ಮುಗಿಸಿ ನೆಂಟರೆಲ್ಲ ಬಸ್ ಹತ್ತಿದ ಮರುದಿನ ಹಾಲಿನವನು ಎಂದಿನಂತೆ ಒಂದು ಲೀಟರ್ ಹಾಕಿ ಹೋದ. ಅರ್ಧ ಸಾಕು ಎನ್ನಲು ನನಗೆ ಹೊಳೆಯಲಿಲ್ಲ. ಕಾಯಿಸಿದೆ. ಉಕ್ಕಿತು. ಒರೆಸಿದೆ.

ಮಾರುತೇಶನ ಲ್ಯಾಪ್‌ಟಾಪ್ ತೆರೆದೆ. ಅದರೊಳಗಿನ ಎಐ ಏಜೆಂಟ್ ಇನ್ನೂ ಕಾಯುತ್ತಿತ್ತು: ಈ ಯೋಜನೆ ಜಾರಿ ಮಾಡಲೇ? ಯೆಸ್ ಎಂದು ಟೈಪ್ ಮಾಡಿ.

ಮಾರುತೇಶ ಹೊನ್ನಾಳಿಯ ನಮ್ಮ ಮನೆಯಿಂದಲೇ, ಭತ್ತ ಕೊಯ್ಯುವ ಮಿಷನ್ನುಗಳ ಪಾಳಿ ನೋಡಿಕೊಳ್ಳುವ ಆ್ಯಪ್ ನಡೆಸುತ್ತಿದ್ದ. ಮಿಷನ್ನುಗಳು ನ್ಯಾಮತಿಯ ಖಲಂದರ್ ಸಾಬರವು. ಯಾವ ಸರ್ವರ್, ಯಾವ ಡೇಟಾಬೇಸ್ ಬೇಕೆಂದು ಫೈಲಿನಲ್ಲಿ ಬರೆದಿಟ್ಟರೆ ಅದರಂತೆ ಎಲ್ಲವನ್ನೂ ಕಟ್ಟುವ, ಕೆಡವುವ ಸಾಧನವೊಂದಿದೆ. ಕೋಡ್ ಬರೆಯುವ ಎಐ ಏಜೆಂಟನ್ನು ಅವನು ಈ ಬೇಸಿಗೆಯಲ್ಲಿ ಅದಕ್ಕೆ ಜೋಡಿಸಿದ್ದ. ಒಂದೇ ಷರತ್ತು: ಏನು ಕಟ್ಟುತ್ತೇನೆ, ಏನು ಕೆಡವುತ್ತೇನೆ ಎಂದು ಏಜೆಂಟ್ ಮೊದಲು ತೋರಿಸಬೇಕು, ಮನುಷ್ಯರು ಓದಿ ಒಪ್ಪಬೇಕು.

ದಾವಣಗೆರೆಯಲ್ಲಿ ಎಂಸಿಎ ಒಟ್ಟಿಗೆ ಓದಿದವರು ನಾವು. ಅವನು ಊರಲ್ಲಿಲ್ಲದಾಗ ಓದಿ ಒಪ್ಪುವ ಕೆಲಸ ನನ್ನದು. ನಲವತ್ತು ಸಲ ಯೋಜನೆ ಸರಿಯಾಗಿಯೇ ಇತ್ತು. ಮುಂದಿನ ಸಲ ಅವನು ಚನ್ನಗಿರಿಗೆ ಹೋಗಿದ್ದ. ನಾನು ಒಗ್ಗರಣೆಗೆ ಸಾಸಿವೆ ಹಾಕಿ ಬಂದು, ಓದದೆ ಯೆಸ್ ಹೊಡೆದು ಹಿಂತಿರುಗಿದೆ. ಸಾಸಿವೆ ಇನ್ನೂ ಸಿಡಿದಿರಲಿಲ್ಲ. ಹಳೆಯ ಡೇಟಾಬೇಸ್ ಕೆಡವಿ ಹೊಸದು ಕಟ್ಟುತ್ತೇನೆ ಎಂದು ಕೊನೆಯ ಸಾಲಿನಲ್ಲಿತ್ತು. ಬ್ಯಾಕಪ್ಪೂ ಅದರ ಜೊತೆಗೇ ಹೋಯಿತು.

ಪಾಳಿಯೆಲ್ಲ ಅಳಿಸಿಹೋಯಿತು. ಯಾರ ಗದ್ದೆಗೆ ಹೋಗಬೇಕೆಂದು ತಿಳಿಯದೆ ಮಿಷನ್ನುಗಳು ಎರಡು ದಿನ ನಿಂತವು. ಮೂರನೇ ದಿನ ಮಳೆ ಬಂತು.

"ಸಾಬರಿಗೆ ನಾನೇ ಒತ್ತಿದ್ದು ಅಂದಿದೀನಿ. ನೀನು ಸುಮ್ಕಿರು," ಎಂದ ಮಾರುತೇಶ.

ಸುಮ್ಮನಿದ್ದೆ. ಅದೇನೂ ಕಷ್ಟವಾಗಲಿಲ್ಲ.

ಹೆಚ್ಚಿನ ರೈತರು ಫೋನಿನಲ್ಲೇ ಪಾಳಿ ಬರೆಸುತ್ತಿದ್ದರು; ಸಾಬರು ಆ್ಯಪ್ ನಂಬದೆ, ತಮ್ಮ ಶೆಡ್ಡಿಗೆ ಬಂದ ಕೆಲವರ ಪಾಳಿಯನ್ನು ಒಂದು ಪುಸ್ತಕದಲ್ಲೂ ಬರೆದಿಡುತ್ತಿದ್ದರು. ಮಾರುತೇಶ ಅದನ್ನು ಕಡ ತಂದು ಒಂದೊಂದೇ ಹೆಸರು ಮತ್ತೆ ಸೇರಿಸಿದ. ಡೇಟಾಬೇಸ್ ಹೋದ ಹನ್ನೊಂದನೇ ದಿನ ಬೆಳಗ್ಗೆ ಹಲ್ಲುಜ್ಜುತ್ತಿದ್ದವನು ಕುಸಿದ. ಹೃದಯ ಅಂದರು ಡಾಕ್ಟರ್. ಬೇರೆ ಕಾರಣ ಇರಬಹುದೇ ಎಂದು ನಾನು ಕೇಳಲಿಲ್ಲ.

ಈಗ ಕಾಯುತ್ತಿದ್ದದ್ದು ಅವನ ಕೊನೆಯ ಯೋಜನೆ. ಡೇಟಾಬೇಸ್ ಯಾರ ಯೆಸ್‌ಗೂ ಬೀಳದಂತೆ ಬೀಗ, ಬ್ಯಾಕಪ್ ಬೇರೆ ಕಡೆ. ಸಾಲುಸಾಲಾಗಿ ಎರಡು ಸಲ ಓದಿದೆ. ಕೆಡವುವುದು ಸೊನ್ನೆ. ಯೆಸ್ ಹೊಡೆದೆ. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ನ್ಯಾಮತಿ ಬಸ್ ಹತ್ತಿದೆ.

ಸಾಬರ ಶೆಡ್ಡಿನಲ್ಲಿ ರೈತ ಮುರುಗೇಶಪ್ಪ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದರು.

"ನನ್ನ ಹೆಸರು ಮತ್ತೆ ಕಂಪ್ಯೂಟ್ರಿಗೆ ಹಾಕ್ಬ್ಯಾಡ್ರಿ ಸಾಬ್ರೇ. ಫೋನಾಗೆ ಪಾಳಿ ಬರೆಸಿ ಕೆಟ್ಟೆ. ಆ ಮಾರುತೇಶ ಗುಂಡಿ ಒತ್ತಿದ, ನನ್ನ ಭತ್ತ ಗದ್ದೇಲೇ ಮೊಳಕೆ ಬಂತು. ಹೆಸರುಕಾಳಾಗಿದ್ರೆ ಉಸ್ಲಿನಾದ್ರೂ ಮಾಡಿ ತಿಂತಿದ್ದೆ!"

"ಬಾಯಿ ಮುಚ್ಚಯ್ಯಾ," ಎಂದರು ಸಾಬರು, ನನ್ನನ್ನು ನೋಡಿ. "ಬಾರಮ್ಮಾ ಚೈತ್ರಾ, ಕೂತ್ಕೋ."

ಮುರುಗೇಶಪ್ಪ ತಿರುಗಿದರು. ಹೆಗಲ ಟವೆಲ್ ಕೈಗೆ ಬಂತು. "ತಪ್ಪು ತಿಳ್ಕಬ್ಯಾಡವ್ವಾ. ಹೊಟ್ಟೆ ಉರಿಗೆ ಅಂದೆ."

ಪುಸ್ತಕ ಚಾಚಿದೆ. ಸಾಬರು ಕೈ ಚಾಚಲಿಲ್ಲ. ಬರೆದ ಪಾಳಿಯನ್ನು ರೈತರ ಎದುರೇ ಎರಡು ಸಲ ಗಟ್ಟಿಯಾಗಿ ಓದಿಸಿದ ಮೇಲೆಯೇ ಪುಸ್ತಕ ಮುಚ್ಚುವುದು ಅವರ ರೂಢಿ.

"ಕೊನೇ ಹಾಳೆ ಮಾರುತೇಶ ಬರ್ದಾನೆ. ಓದಮ್ಮ. ಓದ್ದೇ ನಾನು ಒಳಗೆ ಇಟ್ಕಳಲ್ಲ."

ಫೋನಿನಲ್ಲಿ ಬರೆಸಿದ್ದವರನ್ನು ಊರೂರು ಹುಡುಕಿ ಅವನು ಬರೆದುಕೊಂಡಿದ್ದ ಹೆಸರುಗಳು. ಓದಿದೆ. ರಂಗಣ್ಣ, ಎರಡು ಎಕರೆ. ಕರಿಯಕ್ಕ, ಒಂದು. ಮುರುಗೇಶಪ್ಪ, ಮೂರು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ, 'ಮಿಷನ್ ಹೋಗುವಷ್ಟರಲ್ಲಿ ಮಳೆ.'

ಅಲ್ಲಿಗೆ ಬರಹ ಮುಗಿದಿತ್ತು. ನಾನು ಅದೇ ದನಿಯಲ್ಲಿ ಮುಂದುವರಿದೆ.

"ಯೆಸ್ ಒತ್ತಿದ್ದು ನಾನು. ಓದ್ಲಿಲ್ಲ. ಮಾರುತೇಶ ಅವತ್ತು ಚನ್ನಗಿರೀಲಿದ್ದ."

"ಹಂಗಾದ್ರೆ ಅವನ್ಯಾಕೆ..." ಎಂದು ಮುರುಗೇಶಪ್ಪ ಅಲ್ಲಿಗೇ ನಿಲ್ಲಿಸಿದರು.

ಸಾಬರು ನನ್ನ ಮುಖ ನೋಡಲಿಲ್ಲ. ಹಾಳೆಯನ್ನೇ ನೋಡುತ್ತಿದ್ದರು.

"ಇನ್ನೊಂದ್ಸಲ," ಎಂದರು.

ಮೇಲಿನಿಂದ ಓದಿದೆ. ರಂಗಣ್ಣ, ಕರಿಯಕ್ಕ, ಮುರುಗೇಶಪ್ಪ, ಮಳೆ, ನಾನು. ಆಮೇಲೆ ಅವರು ಎರಡೂ ಕೈ ಚಾಚಿ ಪುಸ್ತಕ ತೆಗೆದುಕೊಂಡರು.