ಮಿಡಿಯ ಊಟ

ಮೇಗುಂದದ ಅಂಗನವಾಡಿಯಲ್ಲಿ ಇಪ್ಪತ್ತೆಂಟು ವರ್ಷ ಊರ ಮಕ್ಕಳಿಗೆ ಉಣಿಸಿ, ತೂಗಿ, ಬೆಳೆಸಿದ ನೀಲಾಂಬಿಕೆ ಟೀಚರಿಗೆ ನಾಯಿಮರಿ ಸಾಕುವುದು ದೊಡ್ಡ ವಿಷಯವಾಗಿ ಕಾಣಲಿಲ್ಲ. ನಿವೃತ್ತಿಯಾದ ಮರುತಿಂಗಳು, 2007ರ ಜನವರಿಯಲ್ಲಿ, ಹಾಲಿನ ಡೈರಿಯ ಹಿಂದೆ ಒಂದು ಕಂದು ಮರಿ ಕುಂಯ್‌ಗುಡುತ್ತಿತ್ತು. ಹೆಣ್ಣುಮರಿಯೆಂದು ಯಾರೋ ಬಿಟ್ಟುಹೋಗಿದ್ದರು. ಟೀಚರು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದು ಮಿಡಿ ಎಂದು ಹೆಸರಿಟ್ಟರು.

"ಎಷ್ಟು ದುಂಡಗಿದೆ ಮಾರಾಯ್ತಿ! ಹೊಟ್ಟೆ ನೋಡು, ಯಾರೋ ಚೆನ್ನಾಗಿ ಹಾಕಿದಾರೆ," ಎಂದರು ಗಂಡ ಮಲ್ಲೇಶಪ್ಪ. ಮನೆಯ ಮುಂಭಾಗದಲ್ಲೇ ಅವರದೊಂದು ದಿನಸಿ ಅಂಗಡಿ.

"ಅದು ಪುಷ್ಟಿ ಅಲ್ಲ, ಜಂತುಹುಳ. ಬೆನ್ನು ಮುಟ್ಟಿ ನೋಡಿ, ಬರೀ ಮೂಳೆ. ಇಂಥ ಹೊಟ್ಟೆ ನಾನೆಷ್ಟು ನೋಡಿಲ್ಲ?"

ಅಂಗಡಿಯ ತಕ್ಕಡಿಯಲ್ಲಿ ಕೂರಿಸಿದರೆ ಒಂದೂವರೆ ಕೇಜಿಗೆ ನೂರು ಗ್ರಾಂ ಹೆಚ್ಚು. ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟರು. ಮಕ್ಕಳಿಗೆ ಮಾಡುತ್ತಿದ್ದ ಹಾಗೆಯೇ ರಾಗಿಗಂಜಿ ಕಾಯಿಸಿ, ಹಸುವಿನ ಹಾಲು, ಬೆಲ್ಲ ಬೆರೆಸಿ ಇಟ್ಟರು. ಮಿಡಿ ತಟ್ಟೆಯೊಳಗೇ ಇಳಿದು ನೆಕ್ಕಿತು. ಸೋಮವಾರ ಕೊಪ್ಪದ ಪಶು ಆಸ್ಪತ್ರೆಗೆ ಹೋಗಿ ಹುಳದ ಔಷಧಿ ತಂದರಾಯಿತು ಎಂದು ಟೀಚರು ನಿಶ್ಚಿಂತೆಯಾಗಿದ್ದರು.

ಮೂರನೇ ದಿನಕ್ಕೆ ಮರಿ ಭೇದಿ ಮಾಡತೊಡಗಿತು. ತೂಗಿದರೆ ನೂರು ಗ್ರಾಂ ಇಳಿದಿತ್ತು.

"ಬಿಸ್ಕತ್ತು ಹಾಕಿದೀರಾ?"

ಮಲ್ಲೇಶಪ್ಪ ಅಂಗಡಿಯ ಡಬ್ಬಿಯ ಕಡೆ ನೋಡಿದರು. "ಅರ್ಧ. ಒಂದೇ ಸಲ."

ಅರ್ಧ ಬಿಸ್ಕತ್ತಿಗೆ ಇಷ್ಟಾಗಲಾರದೆಂದು ಟೀಚರಿಗೂ ಗೊತ್ತಿತ್ತು. ಸೋಮವಾರಕ್ಕೆ ಕಾಯದೆ ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದರು.

ಆಸ್ಪತ್ರೆಯಲ್ಲಿದ್ದ ಡಾಕ್ಟರು ಯಶವಂತ, ಅವರದೇ ಅಂಗನವಾಡಿಯಲ್ಲಿ ಕೂತು ಉಂಡ ಹುಡುಗ. ಮರಿಯ ಹೊಟ್ಟೆ ಒತ್ತಿ ನೋಡಿ, "ಹುಳ ಇರೋದು ನೀವು ಹೇಳಿದ ಹಾಗೇ ಸರಿ ಟೀಚರೇ. ಊಟ ಎಂಥ ಹಾಕಿದ್ರಿ?" ಎಂದ.

ಹೇಳಿದರು. ಯಶವಂತನಿಗೆ ನಗು ತಡೆಯಲಾಗಲಿಲ್ಲ. "ನಾನು ತಿಂದ ಗಂಜಿನೇ ಇದಕ್ಕೂ! ಟೀಚರೇ, ನನಗೆ ಸರಿಹೋಗಿದ್ದು ಇದಕ್ಕೆ ಹೋಗಲ್ಲ. ಹಸುವಿನ ಹಾಲು ಎಷ್ಟೋ ಮರಿಗಳ ಹೊಟ್ಟೆಗೆ ಒಗ್ಗಲ್ಲ. ಬೆಲ್ಲ ಬೇಡವೇ ಬೇಡ. ಇದು ನಾಯಿ, ಮಾಂಸ ತಿನ್ನೋ ಜಾತಿ. ಕೋಳಿಯೋ ಮೀನೋ ಮುಳ್ಳು ಮೂಳೆ ತೆಗೆದು ಬೇಯಿಸಿ ಹಾಕಬೇಕು. ನಿಮ್ಮನೇಲಿ..." ಎಂದು ತಡೆದ.

ಟೀಚರ ಮುಖ ಕೆಂಪಾಯಿತು. ಅಷ್ಟು ವರ್ಷದ ಅನುಭವ ಎಂದುಕೊಂಡದ್ದು ಈ ಪುಟ್ಟ ಜೀವದ ಹೊಟ್ಟೆ ಕೆಡಿಸಿತ್ತು. ಆದರೆ ತಪ್ಪು ಗೊತ್ತಾದ ಮೇಲೆ ಅದನ್ನೇ ಹಿಡಿದು ಕೂರುವ ಹೆಂಗಸಲ್ಲ ಅವರು. "ಮೊಟ್ಟೆ ಆಗ್ತದಾ?"

"ಧಾರಾಳ ಆಗ್ತದೆ. ಬೇಯಿಸಿದ ಮೊಟ್ಟೆ, ಮೆತ್ತಗಿನ ಅನ್ನ, ಸ್ವಲ್ಪ ಕುಂಬಳ. ಉಪ್ಪು, ಖಾರ, ಈರುಳ್ಳಿ ಬೇಡ. ದಿನಕ್ಕೆ ನಾಲ್ಕು ಸಲ, ಸ್ವಲ್ಪಸ್ವಲ್ಪ. ಮೊಟ್ಟೆ ಒಂದೇ ಸಾಲದು, ಮುಂದೆ ಮರಿಗಳಿಗೇ ಅಂತ ಚೀಲದಲ್ಲಿ ಬರೋ ಆಹಾರನೂ ಶುರು ಮಾಡುವ. ವಾರಕ್ಕೊಮ್ಮೆ ತೂಗಿ."

"ತೂಗೋದು ನನಗೆ ಹೇಳಿಕೊಡ್ಬೇಡ," ಎಂದರು ಟೀಚರು. ಇಬ್ಬರೂ ನಕ್ಕರು.

ಮೇಗುಂದದಲ್ಲಿ ಬಸ್ಸಿಳಿದವರು ಮನೆಗೆ ಹೋಗಲಿಲ್ಲ. ಕೋಳಿ ಸಾಕುವ ಅನ್ನಮ್ಮನ ಮನೆಗೆ ನೇರವಾಗಿ ಹೋಗಿ ಆರು ಮೊಟ್ಟೆ ಕೇಳಿದರು. ಅನ್ನಮ್ಮ ಹಳೇ ಪೇಪರಿನಲ್ಲಿ ಸುತ್ತಲು ಹೊರಟಳು. "ಜನ ನೋಡ್ತಾರೆ ಟೀಚರೇ."

"ನೋಡಲಿ. ಕದ್ದದ್ದಲ್ಲವಲ್ಲ," ಎಂದು ಮೊಟ್ಟೆಗಳನ್ನು ಒಂದು ಕೈಬುಟ್ಟಿಯಲ್ಲಿ ತೆರೆದೇ ಇಟ್ಟುಕೊಂಡು ಬೀದಿಯ ನಡುವೆ ಬಂದರು.

ಮಲ್ಲೇಶಪ್ಪ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದುಬಿಟ್ಟರು. "ಈ ಮನೇಲಿ ಮೊಟ್ಟೆನಾ?"

"ಲಿಂಗ ಕಟ್ಟಿಕೊಂಡಿದ್ದು ನಾವು, ಅದಲ್ಲ. ಸಾಕ್ತೀನಿ ಅಂತ ತಂದಮೇಲೆ ಅದಕ್ಕೆ ಬೇಕಾದ್ದು ಹಾಕ್ಬೇಕು. ಅಡುಗೆಮನೆಗೆ ತರಲ್ಲ, ಹಿತ್ತಲಲ್ಲಿ ಮೂರು ಕಲ್ಲಿಟ್ಟು ಬೇಯಿಸ್ತೀನಿ. ಪಾತ್ರೆ ಬೇರೆ."

ಮಲ್ಲೇಶಪ್ಪ ತಿರುಗಿ ಗಲ್ಲಾಪೆಟ್ಟಿಗೆಯ ಮುಂದೆ ಕೂತರು. ಸಂಜೆಯವರೆಗೂ ಹಿತ್ತಲ ಕಡೆ ತಲೆ ಹಾಕಲಿಲ್ಲ. ಮರಿಗೆ ಹುಳದ ಔಷಧಿ ಬಿದ್ದಿತು, ಎರಡು ದಿನದಲ್ಲಿ ಭೇದಿ ನಿಂತಿತು. ವಾರ ಕಳೆದು ತೂಗಿದಾಗ ಒಂದು ಕೇಜಿ ಒಂಬೈನೂರು. ಹೊಟ್ಟೆ ಇಳಿದು ಬೆನ್ನು ತುಂಬಿಕೊಂಡಿತ್ತು. ತಕ್ಕಡಿಯಿಂದ ಇಳಿಸುವಾಗ ಮಿಡಿ ಮಲ್ಲೇಶಪ್ಪನ ಗಡ್ಡಕ್ಕೆ ಬಾಯಿ ಹಾಕಿ ಎಳೆಯಿತು.

ಶಿವರಾತ್ರಿ ಮುಗಿದ ಮೇಲೊಂದು ಬೆಳಿಗ್ಗೆ ಟೀಚರಿಗೆ ಜ್ವರ. ಹಾಸಿಗೆಯಲ್ಲೇ ಕೂತು, ಮರಿಗೆ ಹೊತ್ತಾಯಿತು ಎಂದು ಏಳಲು ನೋಡುವಾಗ ಹಿತ್ತಲಿಂದ ಹೊಗೆ ಬಂತು. ಕಿಟಕಿಯಿಂದ ಬಗ್ಗಿ ನೋಡಿದರೆ ಮಲ್ಲೇಶಪ್ಪ ಪಂಚೆ ಎತ್ತಿಕಟ್ಟಿ ಮೂರು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಬಿಸಿ ಮೊಟ್ಟೆಯನ್ನು ಕೈಯಿಂದ ಕೈಗೆ ಹಾರಿಸುತ್ತ, ಉಗುರಲ್ಲಿ ಸಿಪ್ಪೆ ಸುಲಿಯುವ ಪ್ರಯತ್ನ ನಡೆದಿತ್ತು. ಮಿಡಿ ಅವರ ಮಂಡಿಯ ಮೇಲೆ ಎರಡೂ ಮುಂಗಾಲಿಟ್ಟು ನಿಂತಿತ್ತು.

"ಹಳದೀನೂ ಹಾಕ್ಬೇಕಾ?" ಎಂದು ಕೂಗಿ ಕೇಳಿದರು.

"ಹೂಂ, ಹಾಕಿ. ಚೆನ್ನಾಗಿ ಆರಲಿ ಮೊದಲು!"

"ಅದು ಗೊತ್ತು ಮಾರಾಯ್ತಿ, ನೀನು ಮಲಗು," ಎಂದರು ಮಲ್ಲೇಶಪ್ಪ. ಟೀಚರು ಕಂಬಳಿ ಎಳೆದುಕೊಂಡು ಮಲಗಿದರು.